ಪಂಪ್‌ಸೆಟ್ಟಿಗೆ ಬಂದ ಒಟಿಪಿ

ವಿಜ್ಞಾನ ಕಥೆ ಬರೆದವರ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಅವರು ನಮಗೆ ಅರ್ಧ ಭವಿಷ್ಯ ಹೇಳಿ ಇನ್ನರ್ಧ ಮುಚ್ಚಿಟ್ಟರು. 1920ರಲ್ಲಿ ಜೆಕ್ ನಾಟಕಕಾರ ಕಾರೆಲ್ ಚಾಪೆಕ್, ರೋಬೋಗಳು ದಂಗೆಯೆದ್ದು ಮನುಕುಲವನ್ನೇ ಮುಗಿಸುವ ನಾಟಕ ಬರೆದ. 1942ರಲ್ಲಿ ಐಸಾಕ್ ಅಸಿಮೋವ್ ರೋಬೋಗಳಿಗೆ ಮೂರು ನಿಯಮ ಹಾಕಿಕೊಟ್ಟ. 1945ರಲ್ಲಿ ಆರ್ಥರ್ ಸಿ. ಕ್ಲಾರ್ಕ್, ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ನಿಲ್ಲಿಸಿದರೆ ಲೋಕಕ್ಕೆಲ್ಲ ಅಲ್ಲಿಂದಲೇ ಬಿತ್ತರಿಸಬಹುದೆಂದು ಲೆಕ್ಕ ಹಾಕಿ ತೋರಿಸಿದ. ಎಲ್ಲ ಸರಿ. ಆದರೆ ಅಷ್ಟು ದೂರದಿಂದ ಇಳಿದು ಬಂದ ಧಾರಾವಾಹಿ, ಸೊಸೆ ವಿಷದ ಲೋಟ ಎತ್ತಿದ ಗಳಿಗೆಯಲ್ಲೇ ರೀಚಾರ್ಜ್ ಮುಗಿದು ನಿಂತುಹೋಗುತ್ತದೆ, ಆಗ ಮನೆಯ ಅತ್ತೆ ಸೊಸೆ ಇಬ್ಬರೂ ಜಗಳ ಮರೆತು ಒಟ್ಟಾಗಿ ಯಜಮಾನನ ಮೇಲೆ ಬೀಳುತ್ತಾರೆ ಎಂದು ಕ್ಲಾರ್ಕ್ ಎಲ್ಲೂ ಬರೆಯಲಿಲ್ಲ.

ಕಾರಣ ಸ್ಪಷ್ಟ. ವಿಜ್ಞಾನ ಕಥೆಗಳ ನಾಯಕರಿಗೆ ಹೆಂಡತಿ ಇರುವುದಿಲ್ಲ, ಅವ್ವ ಇರುವುದಿಲ್ಲ, ಎರಡೆಕರೆ ಕಬ್ಬು ಮತ್ತು ಅದರ ಮೂಲೆಯಲ್ಲೊಂದು ಬೋರ್‌ವೆಲ್ಲು ಅಂತೂ ಇರುವುದೇ ಇಲ್ಲ. ನನಗೆ ಇವೆಲ್ಲ ಇವೆ. ನಾನು ಮದ್ದೂರು ತಾಲ್ಲೂಕಿನ ಕೊಪ್ಪದವನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ರಾಜಶೇಖರ ಭೂಸನೂರಮಠರ ವಿಜ್ಞಾನ ಕಥೆಗಳನ್ನು ಉತ್ತರ ಪತ್ರಿಕೆಗಳ ಅಡಿಯಲ್ಲಿಟ್ಟುಕೊಂಡು ಓದಿದವನು. 2002ರಲ್ಲಿ ನಮ್ಮ ಉಪೇಂದ್ರ ‘ಹಾಲಿವುಡ್’ ಸಿನಿಮಾದಲ್ಲಿ ರೋಬೋ ಆಗಿ ಬಂದಾಗ ರಜನಿಕಾಂತರ ‘ಎಂದಿರನ್’ಗೆ ಇನ್ನೂ ಎಂಟು ವರ್ಷ ಬಾಕಿಯಿತ್ತು ಎಂದು ಇವತ್ತಿಗೂ ಮದುವೆಮನೆಯ ಪಂಕ್ತಿಯಲ್ಲಿ ಕೂತು ವಾದ ಹೂಡುವವನು. ಹಾಗಾಗಿ ಊರಿಗೆ ಬರುವ ಪ್ರತಿ ಹೊಸ ಯಂತ್ರವೂ ಮೊದಲು ನಮ್ಮ ಮನೆಯ ಹೊಸಿಲು ತುಳಿದೇ ಮುಂದಕ್ಕೆ ಹೋಗುತ್ತದೆ. ಅದರ ಫಲವನ್ನು ಮನೆಯ ಹೆಂಗಸರು ಉಣ್ಣುತ್ತಾರೆ.

ಹಾಗೆಂದು ಮಂಡ್ಯ ಸೀಮೆಯವರು ತಂತ್ರಜ್ಞಾನವನ್ನು ಮೊನ್ನೆ ಮೊನ್ನೆ ಕಂಡವರೆಂದು ಯಾರೂ ತಿಳಿಯಬೇಡಿ. ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ಕರೆಂಟು ತೆಗೆದರು. ಅದನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಸಾಗಿಸಿದರು. ಆ ಕಾಲಕ್ಕೆ ಅದು ಲೋಕವೇ ಬೆರಗಾಗುವ ದೂರ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲೂ ಅದೇ ಕರೆಂಟಿನ ದೀಪ ಉರಿಯಿತು. ನಮ್ಮ ಸೀಮೆಯ ನೀರು ಕೋಲಾರದಲ್ಲಿ ಚಿನ್ನ ಅಗೆಯಿತು, ಬೆಂಗಳೂರಿನಲ್ಲಿ ಬೀದಿ ಬೆಳಗಿತು. ನಮ್ಮ ಹಳ್ಳಿಗಳು ಮಾತ್ರ ಮುಂದೆ ಎಷ್ಟೋ ದಶಕ ಬುಡ್ಡಿ ದೀಪದಲ್ಲೇ ಹಿಟ್ಟು ಉಂಡವು. ನಮ್ಮವ್ವ ಮದುವೆಯಾಗಿ ಕೊಪ್ಪಕ್ಕೆ ಬಂದಾಗಲೂ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿಯೇ. ಭವಿಷ್ಯ ಹುಟ್ಟುವುದು ನಮ್ಮ ಹಿತ್ತಿಲಲ್ಲಿ, ಬೆಳೆಯುವುದು ಇನ್ನೊಬ್ಬರ ಮನೆಯಲ್ಲಿ ಎಂಬ ಪಾಠ ನಮಗೆ ಆಗಲೇ ಆಗಿತ್ತು.

ಇನ್ನು ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್. ನೀರು ಮಟ್ಟ ಮೀರಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುವ ಗೇಟುಗಳನ್ನು ವಿಶ್ವೇಶ್ವರಯ್ಯನವರು 1903ರಲ್ಲೇ ಪುಣೆಯ ಖಡಕ್‌ವಾಸ್ಲಾದಲ್ಲಿ ಕೂರಿಸಿದ್ದರು. ಆ ಜಾತಿಯ ಗೇಟುಗಳು ಆಮೇಲೆ ನಮ್ಮ ಕೆಆರ್‌ಎಸ್‌ಗೂ ಬಂದವು. ಕರೆಂಟಿಲ್ಲ, ಇಂಟರ್‌ನೆಟ್ಟಿಲ್ಲ, ಪಾಸ್‌ವರ್ಡಿಲ್ಲ, ‘ನೀವು ರೋಬೋ ಅಲ್ಲವೆಂದು ಸಾಬೀತು ಮಾಡಿ’ ಎಂಬ ಅವಮಾನವಿಲ್ಲ. ನೀರಿನ ಭಾರವೇ ಅದಕ್ಕೆ ಅಪ್ಪಣೆ. ಇದನ್ನು ಕೃತಕ ಬುದ್ಧಿಮತ್ತೆ ಎಂದು ಆಗ ಯಾರೂ ಕರೆಯಲಿಲ್ಲ. ಬರೀ ಬುದ್ಧಿ ಎಂದು ಕರೆದು ಸುಮ್ಮನಾದರು.

ಕಂಪ್ಯೂಟರು ನಮ್ಮ ಹಳ್ಳಿಗಳಿಗೆ ಮೊದಲು ಬಂದದ್ದು ಪಹಣಿಯ ರೂಪದಲ್ಲಿ. ನಮ್ಮದೇ ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲಕ್ಕೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಅದಕ್ಕೆ ಮುಂಚೆ ಪಹಣಿಯ ಅಕ್ಷರ ಬರೆದವರಿಗೆ ಮತ್ತು ಭಗವಂತನಿಗೆ ಮಾತ್ರ ಅರ್ಥವಾಗುತ್ತಿತ್ತು. ಹಾಗಾಗಿ ಊರಲ್ಲಿ ನೆಮ್ಮದಿಯಿತ್ತು. ಅಕ್ಷರ ಓದುವಂತಾದ ದಿನದಿಂದ ಯಾರ ಹೆಸರಲ್ಲಿ ಎಷ್ಟು ಗುಂಟೆ ಇದೆಯೆಂದು ಅಣ್ಣತಮ್ಮಂದಿರಿಗೆ ಗೊತ್ತಾಗಿಹೋಯಿತು. ಪಾರದರ್ಶಕತೆ ಎಂದರೇನೆಂದು ಕೇಳಿದ ಹುಡುಗರಿಗೆ ನಾನು ಗಾಜನ್ನು ತೋರಿಸುವುದು ಬಿಟ್ಟು ನಮ್ಮ ದಾಯಾದಿಗಳ ಮನೆಯ ಕಡೆ ಕೈ ತೋರಿಸತೊಡಗಿದ್ದು ಆಮೇಲೆಯೇ.

ಈಗಿನ ಕಾಲಕ್ಕೆ ಬರೋಣ. ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ನನಗೊಂದು ದೊಡ್ಡ ಫೋನು ಕೊಡಿಸಿ, ಅದರೊಳಗೊಬ್ಬಳು ಸಹಾಯಕಿ ಇದ್ದಾಳೆ, ಕನ್ನಡದಲ್ಲೇ ಕೇಳಿದರೆ ಕನ್ನಡದಲ್ಲೇ ಹೇಳುತ್ತಾಳೆ ಎಂದು ಪರಿಚಯ ಮಾಡಿಸಿ ಹೋದಳು. ಮಾರನೆಯ ಬೆಳಿಗ್ಗೆ ಹುಣಸೆಹಣ್ಣು ಒಣಹಾಕುವ ಮುಂಚೆ ನನ್ನ ಹೆಂಡತಿ, “ಏನೂಂದ್ರೆ, ಇವತ್ತು ಮಳೆ ಬತ್ತದಾ ಕೇಳಿ ನಿಮ್ಮ ಫೋನ” ಎಂದಳು. ಕೇಳಿದೆ. “ಕೊಪ್ಪದಲ್ಲಿ ಇಂದು ಭಾರೀ ಮಳೆಯ ಸಾಧ್ಯತೆ ಇದೆ” ಎಂದು ಸಹಾಯಕಿ ಸ್ಪಷ್ಟವಾಗಿ ನುಡಿದಳು. ಹುಣಸೆಹಣ್ಣು ಒಳಗೇ ಉಳಿಯಿತು. ಹೊರಗೆ ತಲೆ ಸೀಳುವ ಬಿಸಿಲು. ಮರುದಿನವೂ ಭಾರೀ ಮಳೆ, ಅದರ ಮರುದಿನವೂ. ಆ ಮಳೆ ಬೀಳುತ್ತಿದ್ದದ್ದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ. ಮಲೆನಾಡಿನ ಆ ಕೊಪ್ಪ ತಾಲ್ಲೂಕು ಕೇಂದ್ರ, ನಮ್ಮದು ಬರೀ ಹೋಬಳಿ. ಯಂತ್ರಗಳು ದೊಡ್ಡವರ ಕಡೆಗೇ ವಾಲುತ್ತವೆ ಎಂಬುದಕ್ಕೆ ಬೇರೆ ಪುರಾವೆ ಬೇಡ. “ನಮ್ಮ ಊರಿನ ವಿಶೇಷವೇನು?” ಎಂದು ಕೇಳಿದರೆ ಕಾಫಿ, ಅಡಿಕೆ, ಏಲಕ್ಕಿ ಎನ್ನುತ್ತಾಳೆ. ಕಬ್ಬಿನ ಗದ್ದೆಯ ನಡುವೆ ನಿಂತು ಇದನ್ನು ಕೇಳಿದವನ ಸ್ಥಿತಿ ಊಹಿಸಿಕೊಳ್ಳಿ.

ಇನ್ನೊಂದು ತೊಡಕು ಭಾಷೆಯದು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಕನ್ನಡ ಬೆರಳಚ್ಚು ಕಲಿತವನು ನಾನು. ಬೆರಳು ಕನ್ನಡ ಬಲ್ಲದು. ಈಗ ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ. ಆದರೆ ಅದು ಕಲಿತ ಕನ್ನಡ ವಾರ್ತೆ ಓದುವವರದ್ದು. ನಮ್ಮವ್ವ ಅದರ ಮುಂದೆ ಕೂತು, “ಎಂಗಿದ್ದೀಯವ್ವಾ, ಉಂಡ್ಯಾ?” ಎಂದು ಮೊಮ್ಮಗಳಿಗೆ ಹೇಳಿಕಳಿಸಲು ಹೋದರೆ, ಅದು ‘ಹಿಂಗಿದ್ದೀಯ ಒಂದ್ಯಾ’ ಎಂದೇನೋ ಬರೆದು ಕಳಿಸಿತು. ಮಗಳು ಗಾಬರಿಯಾಗಿ ಫೋನು ಮಾಡಿದಳು. ಅಂದಿನಿಂದ ನಾನು ಫೋನಿನ ಮುಂದೆ ವಿಭಕ್ತಿ ಪ್ರತ್ಯಯ ಒಂದೂ ಬಿಡದೆ ಮಾತಾಡುತ್ತೇನೆ. ಅವ್ವನಿಗೆ ಇದು ಸಹಿಸದು. “ನಮ್ಮ್ ಕುಟೆ ಮಾತಾಡೋವಾಗ ಎಲ್ಲೋಗಿರ್ತದ್ಲಾ ಈ ಮರ್ಯಾದೆ? ಆ ಡಬ್ಬದ್ ಮುಂದೆ ಮಾತ್ರ ಡೀಸಿ ಆಗ್ತೀಯ” ಎನ್ನುತ್ತಾಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೆಸ್ಪಿನ್ ಎಂಬ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಊರೂರಿನ ಮಾತನ್ನು, ಅದರಲ್ಲೂ ಬೇಸಾಯ ಮತ್ತು ಹಣಕಾಸಿನ ಮಾತನ್ನು, ಯಂತ್ರಗಳಿಗೆ ಕಲಿಸಲು ಸಂಗ್ರಹಿಸಿದ್ದಾರೆ. ನಮ್ಮವ್ವನನ್ನು ಕಳಿಸಿಕೊಡಲು ನಾನು ಸಿದ್ಧನಿದ್ದೇನೆ. ಯಂತ್ರ ತಡೆದುಕೊಂಡೀತೇ ಎಂಬುದಷ್ಟೇ ಅನುಮಾನ.

ಆದರೆ ನಮ್ಮ ಮನೆಯ ನಿಜವಾದ ವಿಜ್ಞಾನ ಕಥೆ ನಡೆದದ್ದು ಗದ್ದೆಯಲ್ಲಿ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಹಗಲು ಪಾಳಿಯಾದರೆ ಪುಣ್ಯ. ರಾತ್ರಿ ಪಾಳಿಯಾದರೆ ಟಾರ್ಚು, ದೊಣ್ಣೆ, ಹಾವಿನ ಭಯ. ಇದಕ್ಕೆ ಪರಿಹಾರವಾಗಿ ಮೊಬೈಲ್ ಸ್ಟಾರ್ಟರ್ ಬಂದು ಎಷ್ಟೋ ವರ್ಷಗಳಾದವು. ಸ್ಟಾರ್ಟರ್ ಪಕ್ಕದಲ್ಲೊಂದು ಡಬ್ಬ, ಡಬ್ಬದೊಳಗೊಂದು ಸಿಮ್ಮು. ಮನೆಯಲ್ಲೇ ಮಲಗಿ ಅದಕ್ಕೆ ಫೋನು ಮಾಡಿದರೆ ಮೋಟ್ರು ಶುರು, ಇನ್ನೊಂದು ಸಲ ಮಾಡಿದರೆ ಬಂದ್. ಒಳ್ಳೆಯ ಮಾದರಿಗಳು ನೋಂದಾಯಿಸಿದ ನಂಬರಿಗೆ ಮಾತ್ರ ಬಗ್ಗುತ್ತವೆ. ನಾನು ಕೊಂಡದ್ದು ಅಗ್ಗದ್ದು. ಅದು ಬಹಳ ಉದಾರಿ. ಯಾರು ಕರೆದರೂ ಓಗೊಡುತ್ತಿತ್ತು.

ಮೊದಲ ರಾತ್ರಿಯೇ ರಂಪವಾಯಿತು. ಸರೊತ್ತಿನಲ್ಲಿ ಎದ್ದು, ಯಾರ ನಿದ್ದೆಯೂ ಕೆಡದಿರಲೆಂದು ಹಜಾರದ ಮೂಲೆಗೆ ಹೋಗಿ ಮೋಟ್ರಿಗೆ ಫೋನು ಮಾಡಿದೆ. ಆ ಕಡೆಯಿಂದ ಒಂದು ಇಂಪಾದ ಹೆಣ್ಣುದನಿ, “ಕರೆಂಟ್ ಬಂದಿದೆ. ಮೋಟಾರ್ ಚಾಲನೆಯಲ್ಲಿದೆ” ಎಂದಿತು. ನನಗೋ ಖುಷಿ, “ಆಯ್ತಮ್ಮಾ, ಥ್ಯಾಂಕ್ಸ್” ಎಂದುಬಿಟ್ಟೆ.

ಕತ್ತಲಿನಿಂದ ಅವ್ವನ ದನಿ ಬಂತು. “ಯಾರ್ಲಾ ಅವ್ಳು, ಈ ಸರೊತ್ನಲ್ಲಿ?”

“ಮೋಟ್ರು ಕಣವ್ವ.”

“ಮೋಟ್ರುಗೆ ಹೆಂಗುಸ್ರು ಗಂಟ್ಲು ಎಲ್ಲಿಂದ ಬತ್ತು?”

ರೂಮಿನೊಳಗಿನಿಂದ ಹೆಂಡತಿ ಸೇರಿಸಿದಳು: “ಕೇಳಿ ಅತ್ತೆ, ಸರಿಯಾಗಿ ಕೇಳಿ. ನನಗೆ ಒಂದಿನಾನಾದ್ರೂ ಥ್ಯಾಂಕ್ಸ್ ಅಂದವ್ರಾ?”

ಆಮೇಲೆ ಹಗಲಿನ ಕಥೆ. ಬೆಂಗಳೂರಿನಿಂದಲೋ ದೆಹಲಿಯಿಂದಲೋ ಸಾಲ ಬೇಕೇ ಎಂದು ಕೇಳುವವರು, ಸೈಟು ಕೊಳ್ಳಿ ಎನ್ನುವವರು, ಲಾಟರಿ ಹೊಡೆದಿದೆ ಎನ್ನುವವರು ನಮ್ಮ ಮೋಟ್ರಿಗೂ ಫೋನು ಮಾಡತೊಡಗಿದರು. ಅವರು ಸಾಲ ಬೇಕೇ ಎಂದು ಕೇಳಿದರೆ ನಮ್ಮ ಮೋಟ್ರು ನೀರು ಹರಿಸಿ ಉತ್ತರ ಕೊಡುತ್ತಿತ್ತು. ಅವರು ಮತ್ತೆ ಕರೆದು ವಿಚಾರಿಸಿದರೆ ನೀರು ನಿಲ್ಲುತ್ತಿತ್ತು. ಹಬ್ಬದ ಕಾಲಕ್ಕೆ ಕೊಡುಗೆಗಳ ಫೋನು ಜಾಸ್ತಿಯಾಗಿ ಕಬ್ಬಿನ ಗದ್ದೆ ಕೆಸರಾಯಿತು. ಪಕ್ಕದವರ ರಾಗಿ ಹೊಲಕ್ಕೂ ನೀರು ನುಗ್ಗಿತು. “ಮೇಷ್ಟ್ರೇ, ಯಾವ ಬ್ಯಾಂಕಿಂದ ಬಂತು ಈ ನೀರು?” ಎಂದು ಅವರು ಕೇಳಿದಾಗ ಉತ್ತರ ತೋಚಲಿಲ್ಲ.

ಇದಕ್ಕಿಂತ ದೊಡ್ಡದು ಮುಂದಿತ್ತು. ಹೊಸ ಸಿಮ್ಮಿಗೆ ದುಡ್ಡು ದಂಡವೆಂದು ನಾನು ಡಬ್ಬಕ್ಕೆ ಹಾಕಿದ್ದು ನನ್ನ ಹಳೆಯ ಸಿಮ್ಮು. ಆಧಾರ್ ಜೋಡಣೆಯಾಗಿದ್ದುದು ಅದೇ ನಂಬರಿಗೆ. ಹೀಗೆ ಸರ್ಕಾರದ ದೃಷ್ಟಿಯಲ್ಲಿ ನಮ್ಮ ಪಂಪ್‌ಸೆಟ್ಟೇ ನಾನಾದೆ. ಮನುಷ್ಯನ ಪ್ರಜ್ಞೆಯನ್ನು ಯಂತ್ರಕ್ಕೆ ವರ್ಗಾಯಿಸುವ ವಿಜ್ಞಾನ ಕಥೆಗಳು ಬೇಕಾದಷ್ಟಿವೆ. ಅವರ ನಾಯಕರು ಸೂಪರ್ ಕಂಪ್ಯೂಟರುಗಳಿಗೆ ವರ್ಗವಾಗುತ್ತಾರೆ. ನಾನು ಸರ್ವೀಸು ಮುಗಿದ ಮೇಲೆ ಬೋರ್‌ವೆಲ್ಲಿಗೆ ವರ್ಗವಾದೆ.

ಇದು ಬೆಳಕಿಗೆ ಬಂದದ್ದು ಪಿಎಂ ಕಿಸಾನ್ ಹಣಕ್ಕೆ ಇ-ಕೆವೈಸಿ ಮಾಡಿಸಲು ಸೇವಾ ಕೇಂದ್ರಕ್ಕೆ ಹೋದ ದಿನ. ವರ್ಷಕ್ಕೆ ಆರು ಸಾವಿರ ರೂಪಾಯಿ, ಮೂರು ಕಂತು, ಬಿಡಲಿಕ್ಕಾಗುತ್ತದೆಯೇ? ಹೆಬ್ಬೆಟ್ಟು ಒತ್ತಿದೆ. ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದು ಸವೆದ ಬೆರಳು ಯಂತ್ರಕ್ಕೆ ಹಿಡಿಸಲಿಲ್ಲ. ಅಲ್ಲಿದ್ದ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, “ಬುಡಿ ಸಾ, ಒಟಿಪಿ ಹಾಕೋಣ. ಬಂತಾ?” ಎಂದಳು.

“ಬಂದಿರತ್ತಮ್ಮ. ಗದ್ದೆಗೆ.”

“ಗದ್ದೆಗಾ?”

“ಮೋಟ್ರು ಹತ್ರ ಹೋಗಿರತ್ತೆ.”

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಹತ್ತನೇ ಕ್ಲಾಸಿನಲ್ಲಿ ನಾನು ಅವಳನ್ನು ನೋಡುತ್ತಿದ್ದ ರೀತಿಯ ಬಡ್ಡಿ ಸಮೇತ ವಸೂಲಿ ಇತ್ತು.

ಆಧಾರ್ ಒಟಿಪಿಗೆ ಹತ್ತು ನಿಮಿಷದ ಆಯಸ್ಸು. ಹೆಂಡತಿ ಗದ್ದೆಯಲ್ಲಿ ಹಸುವಿಗೆ ಹುಲ್ಲು ಕುಯ್ಯುತ್ತಿದ್ದಳು. ಫೋನು ಮಾಡಿ ಹೇಳಿದೆ: ಡಬ್ಬ ತೆಗಿ, ಸಿಮ್ಮು ಬಿಚ್ಚು, ನಿನ್ನ ಫೋನಿಗೆ ಹಾಕು, ಮೆಸೇಜು ನೋಡು. ಅವಳು ಪಿನ್ನು ಇಲ್ಲದೆ ಕಿವಿಯ ಓಲೆಯ ತಿರುಪಿನ ಕಡ್ಡಿಯಲ್ಲೇ ತನ್ನ ಫೋನಿನ ಸಿಮ್ಮು ತೆಗೆದಳು. ತೆಗೆದ ಕೂಡಲೇ ನನಗೂ ಅವಳಿಗೂ ಇದ್ದ ಸಂಪರ್ಕ ಕಡಿಯಿತು; ಏಕೆಂದರೆ ಅವಳು ಮಾತಾಡುತ್ತಿದ್ದುದು ಅದೇ ಸಿಮ್ಮಿನಲ್ಲಿ. ಡಬ್ಬದ ಸಿಮ್ಮು ಹಾಕಿದಳು, ಒಟಿಪಿ ಓದಿದಳು. ಅದನ್ನು ನನಗೆ ಹೇಳಬೇಕಾದರೆ ಆ ಸಿಮ್ಮು ತೆಗೆದು ತನ್ನದನ್ನು ಮತ್ತೆ ಹಾಕಬೇಕು. ಹಾಕುವಾಗ ಅದು ಹುಲ್ಲಿನೊಳಗೆ ಬಿತ್ತು. ಹುಡುಕಿ ಹಾಕಿ ಫೋನು ಮಾಡಿ ಆರು ಅಂಕಿ ಹೇಳುವಷ್ಟರಲ್ಲಿ ಒಟಿಪಿ ಪ್ರಾಣ ಬಿಟ್ಟಿತ್ತು.

ಎರಡನೆಯ ಸಲ ಅವಳು ತಂತ್ರಜ್ಞಾನವನ್ನೇ ಬದಲಿಸಿದಳು. ಒಟಿಪಿ ಓದಿದವಳೇ ಬದುವಿನ ಮೇಲೆ ನಿಂತು ಆಚೆ ಗದ್ದೆಯ ಹುಡುಗನಿಗೆ ಕೂಗಿ ಹೇಳಿದಳು. ಅವನು ರಸ್ತೆಯಲ್ಲಿ ಎತ್ತಿನಗಾಡಿ ಹೊಡೆದುಕೊಂಡು ಬರುತ್ತಿದ್ದವರಿಗೆ ಕೂ ಹಾಕಿದ. ಅವರು ತಮ್ಮ ಫೋನು ತೆಗೆದು ಸೇವಾ ಕೇಂದ್ರದ ಪಕ್ಕದ ಟೀ ಅಂಗಡಿಗೆ ಹೇಳಿದರು. ಟೀ ಅಂಗಡಿಯವರು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು. ಕೆವೈಸಿ ಆಯಿತು. ಒಟಿಪಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂದು ಅದೇ ಮೆಸೇಜಿನಲ್ಲಿ ಬರೆದಿರುತ್ತದೆ. ನಮ್ಮದನ್ನು ಕೊಪ್ಪ ಹೋಬಳಿಯೇ ಕೇಳಿಸಿಕೊಂಡಿತು.

ಇನ್ನು ಸಿಗ್ನಲ್ಲಿನ ವಿಚಾರ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಊರಿಗೆ ಊರೇ ಚಪ್ಪಾಳೆ ತಟ್ಟಿತು. ಬೆಂಗಳೂರಿನಿಂದ ನಮ್ಮ ಕಡೆಗೆ ಬರುವ ದಾರಿಯ ಆಸುಪಾಸಿನಲ್ಲೇ ಬ್ಯಾಲಾಳು ಎಂಬ ಹಳ್ಳಿ ಇದೆ. ಇಸ್ರೋದವರ 32 ಮೀಟರ್ ಅಗಲದ ಆಂಟೆನಾ ಅಲ್ಲಿದೆ. ಮೂರು ಲಕ್ಷದ ಎಂಬತ್ತು ಸಾವಿರ ಕಿಲೋಮೀಟರ್ ಆಚೆಯ ಚಂದ್ರನ ಪಿಸುಮಾತು ಅದಕ್ಕೆ ಕೇಳುತ್ತದೆ. ನನ್ನ ಫೋನಿಗೆ ಊರಾಚೆಯ ಟವರಿನ ಮಾತು ಕೇಳಬೇಕಾದರೆ ಎಷ್ಟೋ ಸಲ ನಾನು ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ಪಕ್ಕ ಒಂಟಿ ಕಾಲಲ್ಲಿ ನಿಲ್ಲಬೇಕು. “ಚಂದ್ರುನ್ ಮೇಲೇ ಹೋಗಿ ನಿಂತ್ಕೋ, ಚೆನ್ನಾಗಿ ಸಿಗ್ತದೆ” ಎಂದು ಅವ್ವ ಕೆಳಗಿನಿಂದ ಸಲಹೆ ಕೊಡುತ್ತಾಳೆ.

ಇಷ್ಟಾದ ಮೇಲೂ ಮಗಳು ಯುಗಾದಿಗೆ ಕಸ ಗುಡಿಸುವ ರೋಬೋ ತಂದಳು. ಅಮೆರಿಕದಲ್ಲಿ ರೂಂಬಾ ಎಂಬ ಗುಡಿಸುವ ರೋಬೋ ಮಾರುಕಟ್ಟೆಗೆ ಬಂದದ್ದು 2002ರಲ್ಲಿ, ಅಂದರೆ ನಮ್ಮ ಉಪೇಂದ್ರರ ರೋಬೋ ಕುಣಿದ ವರ್ಷವೇ. ಸಿನಿಮಾದ ರೋಬೋ ನಾಯಕಿಯ ಬೆನ್ನು ಬಿತ್ತು, ನಿಜವಾದ ರೋಬೋ ಕಸದ ಬೆನ್ನು ಬಿತ್ತು. ಯಾವುದು ಬುದ್ಧಿವಂತ ಎಂಬುದನ್ನು ಅನುಭವಸ್ಥರು ಹೇಳಬೇಕು. ಮಗಳು ತಂದದ್ದು ಬೇರೆ ಯಾವುದೋ ಕಂಪನಿಯದು. ಅದು ಮೊದಲ ದಿನ ಮನೆಯೆಲ್ಲ ಸುತ್ತಿ ತನ್ನ ತಲೆಯಲ್ಲಿ ನಕ್ಷೆ ಬರೆದುಕೊಳ್ಳುತ್ತದಂತೆ. ನಮ್ಮ ಮನೆಯ ನಕ್ಷೆ ಸ್ಥಿರವಲ್ಲ. ಇವತ್ತು ರಾಗಿ ಮೂಟೆ ಇದ್ದ ಕಡೆ ನಾಳೆ ಹುರುಳಿ ರಾಶಿ, ನಾಡಿದ್ದು ನೆಂಟರು. ರೋಬೋ ಹೊಸಿಲಿಗೆ ಡಿಕ್ಕಿ ಹೊಡೆದು ಹಿಂದೆ ಸರಿದು ಮತ್ತೆ ಡಿಕ್ಕಿ ಹೊಡೆಯಿತು. “ಹೊಸ್ಲಿಗೆ ನಮಸ್ಕಾರ ಮಾಡ್ತಾ ಐತೆ, ಸಂಸ್ಕಾರಸ್ಥ” ಎಂದು ಅವ್ವ ಮೆಚ್ಚಿದಳು. ಆ ಮೆಚ್ಚುಗೆ ಅದು ಹುರುಳಿ ರಾಶಿಗೆ ನುಗ್ಗುವವರೆಗೆ ಇತ್ತು. ಒಂದು ನಿಮಿಷದಲ್ಲಿ ಹೊಟ್ಟೆ ತುಂಬಿಸಿಕೊಂಡು ಮಂಚದ ಕೆಳಗೆ ಹೋಗಿ ಸಿಕ್ಕಿಕೊಂಡು ಇಂಗ್ಲಿಷಿನಲ್ಲಿ ಸಹಾಯಕ್ಕೆ ಅಂಗಲಾಚಿತು. ಹಿತ್ತಿಲ ಹ್ಯಾಟೆ ಕೋಳಿ ಒಳಗೆ ಬಂದು, ಹುರುಳಿ ಎಲ್ಲಿದೆಯೆಂದು ನಮಗಿಂತ ಮೊದಲು ಪತ್ತೆ ಹಚ್ಚಿ, ಅದರ ಬೆನ್ನ ಮೇಲೆ ನಿಂತು ಕುಕ್ಕತೊಡಗಿತು.

ಆಮೇಲೆ ನಾನೊಂದು ವ್ಯವಸ್ಥೆ ಮಾಡಿದೆ. ರೋಬೋ ಹೊರಡುವ ಮೊದಲು ನಾನು ಮೂಟೆ ಸರಿಸುವುದು, ಚಾಪೆ ಸುತ್ತುವುದು, ವೈರು ಎತ್ತಿ ಕಟ್ಟುವುದು, ಕೋಳಿ ಓಡಿಸುವುದು, ಅದಕ್ಕೆ ತೊಡಕಾಗುವ ದಪ್ಪ ಕಸವನ್ನು ಒಂದು ಸಲ ಗುಡಿಸಿಬಿಡುವುದು. ಮನೆಗೆ ಹೊಸ ಅಳಿಯ ಬಂದಾಗಲೂ ಇಷ್ಟು ಉಪಚಾರ ನಡೆದಿರಲಿಲ್ಲ. ಅವ್ವ ಇದನ್ನು ಕೆಲವು ದಿನ ನೋಡಿ ಹೇಳಿದಳು: “ಅಲ್ಲ ಕಣ್ಲಾ, ಪರಕೆ ನಿನ್ ಕೈಲೇ ಐತೆ, ಗುಡಿಸ್ತಾ ಇರೋನು ನೀನೇ. ಮತ್ತೆ ಅದು ಯಾಕ್ಲಾ ಬೇಕು?” ನಾಲ್ಕು ಪದವಿ ತರಗತಿಗಳಲ್ಲಿ ಹೇಳಿಕೊಡಬೇಕಾದ ಅರ್ಥಶಾಸ್ತ್ರ ಇದು. ನನ್ನ ಹೆಂಡತಿ ಮಾತ್ರ ರೋಬೋ ಪರ ನಿಂತಳು. “ಇರಲಿ ಬುಡಿ ಅತ್ತೆ, ಅದು ಬಂದ್ಮೇಲೆ ಇವರು ಗುಡಿಸೋದಾದ್ರೂ ಕಲ್ತ್ರು.”

ಆಮೇಲೆ ಬಂದದ್ದು ಕೃತಕ ಬುದ್ಧಿಮತ್ತೆಯ ಸರದಿ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮಗಳ ಆಫೀಸಿನಲ್ಲಿ ಅದೇ ಮಾತು, ಅದೇ ಭಯ. ಕೆಲಸ ಹೋದರೆ ಏನು ಗತಿ ಎಂದು ಅವಳು ಒಂದು ರಾತ್ರಿ ಕೇಳಿದಾಗ ಮಾತ್ರ ನನಗೆ ನಗು ಬರಲಿಲ್ಲ. ಅವ್ವ ಸಮಾಧಾನ ಹೇಳಿದಳು: “ಗದ್ದೆ ಐತೆ, ಬಾರವ್ವ. ಹುಲ್ಲು ಕುಯ್ಯೋ ಕೆಲಸಕ್ಕೆ ಯಾವ ಡಬ್ಬನೂ ಬರಾಕಿಲ್ಲ.” ನಾನು ಅಂಥದ್ದೇ ಒಂದು ಯಂತ್ರವನ್ನು ಪರೀಕ್ಷೆಗೆ ಒಡ್ಡಿದೆ. ಉಪ್ಪುಸಾರು ಮಾಡುವುದು ಹೇಗೆಂದು ಕೇಳಿದೆ. ತೆಂಗಿನ ಹಾಲು ಹಾಕು ಎಂದಿತು, ಗರಂ ಮಸಾಲೆ ಹಾಕು ಎಂದಿತು, ಕೊನೆಗೆ ತುಪ್ಪದಲ್ಲಿ ಹುರಿದ ಗೋಡಂಬಿಯಿಂದ ಅಲಂಕರಿಸು ಎಂದಿತು. ಕಾಳು ಸೊಪ್ಪು ಬೇಯಿಸಿದ ಕಟ್ಟು, ಪಕ್ಕದಲ್ಲಿ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರ, ನಡುವೆ ಬಿಸಿ ಹಿಟ್ಟು: ಇಷ್ಟು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಹಾಗಲ್ಲ ಎಂದು ತಿದ್ದಿದೆ. “ಕ್ಷಮಿಸಿ, ನೀವು ಹೇಳಿದ್ದು ಸರಿ. ನನ್ನದು ತಪ್ಪಾಯಿತು” ಎಂದು ಅದು ತಕ್ಷಣ ಒಪ್ಪಿಕೊಂಡಿತು. ಮತ್ತೊಮ್ಮೆ ತಿದ್ದಿದೆ; ಮತ್ತೊಮ್ಮೆ ಕ್ಷಮೆ. ಹಿಂದೆ ನಿಂತು ಕೇಳುತ್ತಿದ್ದ ಹೆಂಡತಿಯ ಕಣ್ಣಲ್ಲಿ ನೀರೇ ಬಂತು. “ಮದ್ವೆ ಆದಾಗಿಂದ ಈ ಮನೇಲಿ ಒಬ್ಬರ ಬಾಯಲ್ಲೂ ಈ ಮಾತು ಕೇಳಿರ್ಲಿಲ್ಲ. ಇದನ್ನ ಇಟ್ಕೊಳಿ.”

ಈಗ ಹೆಂಡತಿಯ ಕಣ್ಣು ಡ್ರೋನಿನ ಮೇಲೆ ಬಿದ್ದಿದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಡ್ರೋನ್ ಹಾರಿಸಲು ಕಲಿಸಿ ಔಷಧಿ, ಗೊಬ್ಬರ ಸಿಂಪಡಿಸುವ ಕೆಲಸ ಕೊಡುವ ಡ್ರೋನ್ ದೀದಿ ಯೋಜನೆಯನ್ನು 2023ರಲ್ಲಿ ಕೇಂದ್ರ ಸರ್ಕಾರ ತಂದಿತು. 15 ಸಾವಿರ ಸಂಘಗಳಿಗೆ ಡ್ರೋನ್ ಕೊಡುವ ಗುರಿಯಿತ್ತು. ಅವಳೂ ಸಂಘದ ಸದಸ್ಯೆ. “ನಾನೂ ಕಲೀತೀನಿ” ಎಂದಳು. ಕಬ್ಬಿಗೆ ಗೊಬ್ಬರ ಹೊಡೆಯಲೆಂದು ನಾನು ತಿಳಿದೆ. ಅವಳ ಯೋಚನೆ ಬೇರೆ. ನನಗೆ ಸಕ್ಕರೆ ಕಾಯಿಲೆ ಇದೆ, ಬೆಲ್ಲ ತಯಾರಿಸುವ ಜಿಲ್ಲೆಯಲ್ಲಿ ಬೆಲ್ಲ ನಿಷೇಧ. ಆಲೆಮನೆ ಕಡೆ ನಾನು ವಾಕಿಂಗ್ ಹೋಗುವುದು ಆರೋಗ್ಯಕ್ಕೋ ಪಾಕಕ್ಕೋ ಎಂದು ಮೇಲಿನಿಂದ ನೋಡಬೇಕಂತೆ. ಜಾರ್ಜ್ ಆರ್ವೆಲ್ 1949ರಲ್ಲಿ ಹೊರತಂದ ಕಾದಂಬರಿಯಲ್ಲಿ ಪ್ರಜೆಗಳ ಮೇಲೆ ಸರ್ಕಾರ ಕಣ್ಣಿಡುತ್ತದೆ. ಪಾಪ, ಅವನಿಗೆ ಸ್ವಸಹಾಯ ಸಂಘದ ಕಲ್ಪನೆ ಇರಲಿಲ್ಲ.

ಯಂತ್ರಗಳು ಒಂದು ದಿನ ನಮ್ಮನ್ನು ಆಳುತ್ತವೆಯೇ ಎಂದು ಹಳೆಯ ವಿದ್ಯಾರ್ಥಿಗಳು ಈಗಲೂ ಕೇಳುತ್ತಾರೆ. ಬೇರೆ ಊರಿನ ಮಾತು ಗೊತ್ತಿಲ್ಲ, ಕೊಪ್ಪಕ್ಕೆ ಆ ಭಯವಿಲ್ಲ. ದಂಡೆತ್ತಿ ಹೊರಟ ರೋಬೋಗಳು ಮ್ಯಾಪು ಹಾಕಿಕೊಂಡು ಚಿಕ್ಕಮಗಳೂರಿನ ಕೊಪ್ಪಕ್ಕೇ ಹೋಗುತ್ತವೆ. ಅಲ್ಲಿನ ಮಳೆಯಲ್ಲಿ ತುಕ್ಕು ಹಿಡಿಯುತ್ತವೆ. ತಪ್ಪಿ ಒಂದೆರಡು ಇಲ್ಲಿಗೆ ಬಂದರೂ ತ್ರೀ ಫೇಸ್ ಕರೆಂಟಿಗೆ ಪಾಳಿ ಕಾಯಬೇಕು. ನನಗೆ ಹೆದರಿಕೆ ಇರುವುದು ಬೇರೆ ಕಡೆಯಿಂದ. ಅವು ನಮ್ಮನ್ನು ಆಳುವುದಿಲ್ಲ. ನಮ್ಮ ಕೈಲಿ ಚಾಕರಿ ಮಾಡಿಸಿಕೊಳ್ಳುತ್ತವೆ. ಅದಕ್ಕೆ ಚಾರ್ಜು, ಇದಕ್ಕೆ ರೀಚಾರ್ಜು, ಒಂದಕ್ಕೆ ಅಪ್‌ಡೇಟು, ಇನ್ನೊಂದಕ್ಕೆ ಪಾಸ್‌ವರ್ಡು. ಗೆಯ್ಯುವುದು ತಪ್ಪಲಿ ಎಂದು ತಂದ ಯಂತ್ರಕ್ಕೆ ಗೆಯ್ಯುವುದೇ ಹೊಸ ಕೆಲಸವಾಗಿದೆ, ಮತ್ತು ಆ ಕೆಲಸ ಸುತ್ತಿ ಸುತ್ತಿ ಹುಲ್ಲು ಕುಯ್ಯುತ್ತಿದ್ದವಳ ಕೈಗೇ ಬಂದು ಬೀಳುತ್ತದೆ.

ಆದ್ದರಿಂದ ಅಸಿಮೋವನ ಮೂರು ನಿಯಮಗಳನ್ನು ಪಕ್ಕಕ್ಕಿಟ್ಟು ನಮ್ಮ ಮನೆಯಲ್ಲಿ ಬೇರೆ ಮೂರು ಜಾರಿಯಾಗಿವೆ. ಕರಡು ನನ್ನದು, ತಿದ್ದುಪಡಿ ಹೆಂಡತಿಯದು, ಅಂಕಿತ ಅವ್ವನದು. ಒಂದು, ಮನೆಗೆ ಬರುವ ಯಂತ್ರ ಇರುವ ಕೆಲಸ ಇಳಿಸಬೇಕು, ಹೊಸದು ಹಚ್ಚಬಾರದು. ಎರಡು, ಕರೆಂಟು ಹೋದರೂ ಸಿಗ್ನಲ್ಲು ಸತ್ತರೂ ಕೈಯಲ್ಲಿ ನಡೆಸಲು ಒಂದು ದಾರಿ ಇರಬೇಕು. ಮೂರು, ಕೆಟ್ಟರೆ ಮದ್ದೂರಿನಲ್ಲಿ ರಿಪೇರಿಯಾಗಬೇಕು, ತೀರಾ ಆದರೆ ಮಂಡ್ಯ. ಅದರಾಚೆಗೆ ಕಳಿಸಬೇಕಾದ್ದನ್ನು ಕೊಳ್ಳಲೇಬಾರದು. ಈ ಮೂರರಲ್ಲೂ ತೇರ್ಗಡೆಯಾದದ್ದು ಸೈಕಲ್ಲು, ಹೊಲಿಗೆ ಮಿಷನ್ನು. ಒರಳು ಕಲ್ಲು ಹಿತ್ತಿಲಲ್ಲಿ ಇನ್ನೂ ಇರುವುದರಿಂದ ಮಿಕ್ಸಿಗೂ ಪಾಸ್ ಕೊಟ್ಟಿದ್ದೇವೆ. ಕನ್ನಂಬಾಡಿಯ ಗೇಟಿಗೆ ಮೊದಲ ರ‍್ಯಾಂಕು.

ಓದುಗರಲ್ಲಿ ನನ್ನದೊಂದೇ ವಿನಂತಿ. ಹೊಸ ಯಂತ್ರ ತರುವ ಮುಂಚೆ ಮಗನನ್ನೋ ಮಗಳನ್ನೋ ಅಂಗಡಿಯವನನ್ನೋ ಕೇಳಬೇಡಿ; ಅದನ್ನು ಒರೆಸಿ, ಎತ್ತಿಟ್ಟು, ಅದರ ಜೊತೆ ಏಗಬೇಕಾದವರನ್ನು ಕೇಳಿ. ಮೊಬೈಲ್ ಸ್ಟಾರ್ಟರ್ ಕೊಳ್ಳುವವರು ನಾಲ್ಕು ಕಾಸು ಹೆಚ್ಚಾದರೂ ನೋಂದಾಯಿತ ನಂಬರಿಗೆ ಮಾತ್ರ ಓಗೊಡುವುದನ್ನೇ ಕೊಳ್ಳಿ. ಅದಕ್ಕೊಂದು ಹೊಸ ಸಿಮ್ಮು ಹಾಕಿ. ಆಧಾರಿಗೆ ಜೋಡಿಸಿದ ಸಿಮ್ಮು ನಿಮ್ಮ ಜೇಬಿನಲ್ಲೇ ಇರಲಿ.